ಎರಡನೇ ಬಹುಮಾನ

ವೇಣುಗೋಪಾಲನನ್ನು ಯುವಕರ ಸಂಘದವರು ಗೌರವಾಧ್ಯಕ್ಷನನ್ನಾಗಿ ಆರಿಸಿದ್ದು ಅವನು ಸಂಘಕ್ಕೆ ಹೋಗುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ. ಆಯ್ಕೆ ಸರ್ವಾನುಮತದ್ದು. ಸಭೆ ಎರಡನೇ ಮಹಡಿಯಲ್ಲಿ ನಡೆದದ್ದರಿಂದ ಗೌರವಾಧ್ಯಕ್ಷರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಹಾಜರಿದ್ದರು.

ಸಂಘವೇನೂ ಹುಟ್ಟಿದಾಗಿನಿಂದ ಮಹಡಿಯ ಮೇಲಿರಲಿಲ್ಲ. ಇಪ್ಪತ್ತೆರಡು ವರ್ಷ ಅದು ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ, ರಸ್ತೆಯ ಮಟ್ಟಕ್ಕೇ ಇದ್ದ ಒಂದು ಕೋಣೆಯಲ್ಲಿ ನಡೆಯುತ್ತಿತ್ತು. ಹೆಸರಿಗೆ ಯುವಕರ ಸಂಘ. ಸದಸ್ಯರಲ್ಲಿ ಎಲ್ಲರಿಗಿಂತ ಕಿರಿಯವನಿಗೆ ಮೂವತ್ತೊಂಬತ್ತು ದಾಟಿತ್ತು. ಎರಡು ಕೇರಂ ಬೋರ್ಡು, ಒಂದು ಟ್ಯೂಬ್‌ಲೈಟು, ವರ್ಷಕ್ಕೊಂದು ಗಣಪತಿ, ಇಷ್ಟೇ ಅದರ ಆಸ್ತಿ. ವೇಣುಗೋಪಾಲನಿಗೆ ಅಷ್ಟೇ ಸಾಕಾಗಿತ್ತು. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಅವನ ಎರಡೂ ಕಾಲುಗಳ ಬಲ ಹೋಗಿತ್ತು. ಕಂಕುಳಲ್ಲಿ ಊರುಗೋಲು, ಹೊರಗೆ ಹೋಗಲು ಹಿಂದೆ ಎರಡು ಚಕ್ರ ಹೆಚ್ಚಿಗೆ ಹಾಕಿಸಿದ ಸ್ಕೂಟರು. ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ಹಗಲೆಲ್ಲ ಹೆಂಡತಿ ಪವಿತ್ರಳ ಜೊತೆ ಮಗ್ಗ ನೋಡಿಕೊಂಡು, ಕಡಿದ ಎಳೆ ಕಟ್ಟಿ, ಆ ಸದ್ದಿಗೆ ಕಿವಿ ಮಂದ ಮಾಡಿಕೊಂಡು, ಸಂಜೆ ಆರಕ್ಕೆ ಸಂಘದ ಬಾಗಿಲಲ್ಲಿ ಸ್ಕೂಟರು ನಿಲ್ಲಿಸಿದರೆ ಎರಡು ಹೆಜ್ಜೆಗೆ ಬೋರ್ಡು. ಬೆಂಚಿನ ಮೇಲೆ ಕೂತ ಮೇಲೆ ಅವನಿಗೂ ಬೇರೆಯವರಿಗೂ ಇದ್ದ ವ್ಯತ್ಯಾಸ ಒಂದೇ: ಅವನು ಹೆಚ್ಚು ಸಲ ಗೆಲ್ಲುತ್ತಿದ್ದ.

ಹೀಗಿರುವಾಗ ಆ ಕೋಣೆಯ ಮೇಲೆ ಮೊಬೈಲ್ ಅಂಗಡಿಯವನೊಬ್ಬನ ಕಣ್ಣು ಬಿತ್ತು. ಕಟ್ಟಡದ ಮಾಲೀಕ ಸಂಘದವರಿಗೆ ಎರಡನೇ ಮಹಡಿ ತೋರಿಸಿದ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮೇಲಿಂದ ಒಬ್ಬ ಇಳಿಯುತ್ತಿದ್ದರೆ ಕೆಳಗಿನವನು ಕಾಯಬೇಕು. ನಡುವೆ ಎರಡು ತಿರುವು ಬೇರೆ. ಸಂಘದ ಕಾರ್ಯದರ್ಶಿ ಮುನಿರಾಜ್ ವೇಣುಗೋಪಾಲನ ಬಾಲ್ಯದ ಗೆಳೆಯ. ನಾವು ಇಷ್ಟು ಜನ ಇರುವಾಗ ನಿನಗ್ಯಾಕೆ ಯೋಚನೆ, ಎತ್ತಿಕೊಂಡು ಹೋಗುತ್ತೇವೆ ಎಂದು ಅವನು ಎದೆ ತಟ್ಟಿಕೊಂಡು ಹೇಳಿದ.

ಎತ್ತಿದ್ದೂ ನಿಜ. ಮೊದಲ ವಾರ ನಾಲ್ಕು ಜನ ಕುರ್ಚಿ ಸಮೇತ ಎತ್ತಿದರು. ಎಡಕ್ಕೆ, ಬಲಕ್ಕೆ, ತಲೆ ಜೋಪಾನ ಎಂದು ಮುನಿರಾಜ್ ಕೂಗುವ ರೀತಿಗೆ ಎದುರಿನ ಹೋಟೆಲಿನವರೆಲ್ಲ ಲೋಟ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಒಂದು ದಿನ ಕೈ ಮುಗಿದಳು. ಎರಡನೇ ವಾರಕ್ಕೆ ಮೂರು ಜನ ಉಳಿದರು. ನಾಲ್ಕನೆಯವನಿಗೆ ಬೆನ್ನು ಹಿಡಿದಿತ್ತು. ಮೂರನೇ ವಾರ ಎಲ್ಲರಿಗೂ ಒಟ್ಟಿಗೇ ಬೆನ್ನು ಹಿಡಿಯಿತು. ಮೇಲೆ ಹೋದ ಮೇಲೂ ಒಂದು ಸಂಕಟವಿತ್ತು: ಮೂತ್ರಕ್ಕೆ ಎದ್ದರೆ ಮತ್ತೆ ಮೆರವಣಿಗೆ. ವೇಣುಗೋಪಾಲ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟ.

ಒಂದು ಗುರುವಾರ ಸಂಜೆ ಅವನು ಕೆಳಗೆ ನಿಂತು ಎಂದಿನಂತೆ ಎರಡು ಸಲ ಹಾರ್ನ್ ಮಾಡಿದ. ಮೇಲಿನ ಕಿಟಕಿಯಲ್ಲಿ ದೀಪವಿತ್ತು, ಸ್ಟ್ರೈಕರ್ ಕಾಯಿಗೆ ತಾಗುವ ಸದ್ದು ಕೇಳುತ್ತಿತ್ತು. ಹಾರ್ನ್ ಆದದ್ದೇ ಸದ್ದು ನಿಂತಿತು. ಯಾರೂ ಕಿಟಕಿಗೆ ಬರಲಿಲ್ಲ. ಇನ್ನೊಮ್ಮೆ ಹಾರ್ನ್ ಮಾಡಲು ಬೆರಳು ಹೋಯಿತು, ಅವನೇ ಹಿಂದಕ್ಕೆ ತೆಗೆದುಕೊಂಡ. ಉಸಿರು ಬಿಗಿಹಿಡಿದು ಕೂತ ಆರೇಳು ಜನ ಗೆಳೆಯರನ್ನು ನೆನೆದು ಅವನಿಗೆ ಮೊದಲು ನಗು ಬಂತು. ಆಮೇಲೆ ಸ್ಕೂಟರು ತಿರುಗಿಸಿಕೊಂಡು ಮನೆಗೆ ಬಂದ. ಮೊದಲ ತಿರುವು ದಾಟುವ ಹೊತ್ತಿಗೆ ನಗು ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಅದೇ ಗೆಳೆಯರು ಶಾಲು, ಹಾರ, ಮೈಸೂರು ಪಾಕಿನ ಡಬ್ಬಿ ಹಿಡಿದು ಮನೆಗೆ ಬಂದು ಅವನನ್ನು ಗೌರವಾಧ್ಯಕ್ಷನೆಂದು ಘೋಷಿಸಿದರು. ಮುನಿರಾಜನಿಗೆ ಕಣ್ಣು ತೇವವಾಗಿತ್ತು.

"ನಿನ್ನ ಫೋಟೋ ದೊಡ್ದು ಮಾಡ್ಸಿ ಮೇಲೆ ಹಾಕಿದೀವಿ ಗುರು, ಬೋರ್ಡಿನ ಎದುರಿಗೇ. ನೀನಿಲ್ಲ ಅಂತ ಅನ್ಸೋದೇ ಇಲ್ಲ."

ಪವಿತ್ರ ಕಾಫಿ ಲೋಟಗಳ ತಟ್ಟೆ ಇಟ್ಟಳು. "ಫೋಟೋ ಎತ್ಕೊಂಡ್ ಹೋಗೋಕೆ ಎಷ್ಟು ಜನ ಬೇಕಾಯ್ತಣ್ಣ?"

ಮುನಿರಾಜ್ ಕಾಫಿ ಬಿಸಿ ಇದೆ ಎಂಬಂತೆ ಬಹಳ ಹೊತ್ತು ಊದಿದ.

ಹೀಗೆ ಒಂದೂವರೆ ವರ್ಷ ವೇಣುಗೋಪಾಲ ಕಾಯಿ ಮುಟ್ಟಲಿಲ್ಲ. ಪವಿತ್ರಳಿಗೆ ಆಟ ಕಲಿಸಲು ನೋಡಿದ. ಅವಳು, ದಿನವಿಡೀ ಮಗ್ಗದ ಎದುರು ನಿಂತು ಬಂದವಳಿಗೆ ಮತ್ತೆ ಹಲಗೆ ಎದುರು ಕೂರುವ ಹುಚ್ಚಿಲ್ಲ ಎಂದಳು. ಮೊಬೈಲಿನಲ್ಲಿ ಆಡಿ ನೋಡಿದ. ಗಾಜಿನ ಮೇಲೆ ಬೆರಳು ಉಜ್ಜಿದರೆ ಕೇರಂ ಆಗುತ್ತದೆಯೇ. ಅಷ್ಟರಲ್ಲಿ ವಾಟ್ಸಾಪಿಗೆ ಒಂದು ಕರೆಯೋಲೆ ಬಂತು. ಕಾರುಣ್ಯಧಾರೆ ಸೇವಾ ಬಳಗದವರು ದೇವನಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ವಿಶೇಷ ಚೇತನರ ಕ್ರೀಡಾ ಸಂಭ್ರಮ ಏರ್ಪಡಿಸಿದ್ದರು. ನಿಂಬೆಹಣ್ಣು ಚಮಚ, ಮ್ಯೂಸಿಕಲ್ ಚೇರ್, ತ್ರಿಚಕ್ರ ಓಟ, ಕೊನೆಯಲ್ಲಿ ಕೇರಂ. ಕೇರಂ ಎದುರು ಕಂಸದಲ್ಲಿ 'ಕುಳಿತು ಆಡುವುದು' ಎಂದು ಬರೆದಿತ್ತು. ನಿಂತು ಕೇರಂ ಆಡುವವರನ್ನು ವೇಣುಗೋಪಾಲ ಈ ನಲವತ್ಮೂರು ವರ್ಷದಲ್ಲಿ ಕಂಡಿರಲಿಲ್ಲ. ಆದರೂ ಹೆಸರು ಕೊಟ್ಟ.

ಭಾನುವಾರ ಬೆಳಿಗ್ಗೆ ಮಂಟಪದ ಮುಂದೆ ಸ್ಕೂಟರು ನಿಲ್ಲಿಸಿದಾಗ ಐದು ಮೆಟ್ಟಿಲು ಕಂಡವು. ಪಕ್ಕದಲ್ಲಿ ಹೊಸದಾಗಿ ಮಾಡಿಸಿದ ಹಲಗೆಯ ಇಳಿಜಾರೂ ಇತ್ತು. ಅದಕ್ಕೆ ಕೆಂಪು ಹಾಸು ಹೊದಿಸಿ, ಎರಡೂ ಕಡೆ ಹೂಕುಂಡ ಇಟ್ಟು, ಬುಡದಲ್ಲಿ ಬಣ್ಣದ ರಂಗೋಲಿ ಬಿಟ್ಟಿದ್ದರು. ಅವನು ಊರುಗೋಲು ಅದರತ್ತ ತಿರುಗಿಸಿದ್ದೇ ತಡ, ಸ್ವಯಂಸೇವಕಿಯೊಬ್ಬಳು ಓಡಿ ಬಂದು ರಂಗೋಲಿ ಅಳಿಸಿಹೋಗುತ್ತದೆ, ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ ಎಂದಳು. ಮುಖ್ಯ ಅತಿಥಿಗಳ ಕಾಲಿಗೆ ಏನಾಗಿದೆ ಎಂದು ಅವನು ಕೇಳಿದ. ಏನೂ ಆಗಿಲ್ಲವೆಂದು ಅವಳು ಗಾಬರಿಯಿಂದ ಹೇಳಿದಳು. ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಕಾಲೇಜು ಹುಡುಗರು ಹೇಳದೆ ಕೇಳದೆ ಅವನ ರಟ್ಟೆಗೆ ಕೈ ಹಾಕಿ ಐದೂ ಮೆಟ್ಟಿಲು ಹಾರಿಸಿ ಮೇಲಿಟ್ಟರು. ಊರುಗೋಲು ಕೆಳಗೇ ಉಳಿದವು.

ಒಳಗೆ ಎಲ್ಲರಿಗೂ ಬೆನ್ನಿನ ಮೇಲೆ 'ನಾನೂ ಸಾಧಿಸಬಲ್ಲೆ' ಎಂದು ಅಚ್ಚಾದ ಹಳದಿ ಟೀ ಶರ್ಟು. ಒಂದೇ ಅಳತೆ, ಒಳಗೆ ಇಬ್ಬರು ಸಾಧಿಸಬಹುದಾಗಿತ್ತು.

ಕೇರಂಗೆ ಹದಿನಾರು ಜನ. ಅದರಲ್ಲಿ ಅರ್ಧದಷ್ಟು ಜನ ಸ್ಟ್ರೈಕರ್ ಹಿಡಿದದ್ದೇ ಅಂದು. ಅವರು ಓಟಕ್ಕೆ ಹೆಸರು ಕೊಟ್ಟಿದ್ದರೂ ಬಿದ್ದುಬಿಡುತ್ತಾರೆಂದು ಬಳಗದವರು ಕೇರಂಗೆ ದೂಡಿದ್ದರು. ಪ್ರತಿ ಬೋರ್ಡಿಗೂ ಒಬ್ಬ ಸ್ವಯಂಸೇವಕ. ಕೆಲಸ ಚಪ್ಪಾಳೆ ತಟ್ಟುವುದು. ಕಾಯಿ ಬಿದ್ದರೂ ಚಪ್ಪಾಳೆ, ಬೀಳದಿದ್ದರೂ ಚಪ್ಪಾಳೆ. ವೇಣುಗೋಪಾಲನ ಸ್ಟ್ರೈಕರೇ ಒಮ್ಮೆ ಪಾಕೆಟ್ಟಿಗೆ ಬಿತ್ತು, ಆಗಲೂ ಚಪ್ಪಾಳೆ. ಇದು ಫೌಲ್ ಕಣಪ್ಪ, ನನ್ನ ಕಾಯೊಂದನ್ನು ಮತ್ತೆ ಬೋರ್ಡಿಗೆ ಇಡಬೇಕು ಎಂದು ಅವನು ಹೇಳಿದರೆ, ಪರವಾಗಿಲ್ಲ ಅಂಕಲ್, ನೀವು ಎಂಜಾಯ್ ಮಾಡಿ ಎಂಬ ಉತ್ತರ ಬಂತು. ಅವನು ಕಾಯನ್ನು ತಾನೇ ತೆಗೆದಿಟ್ಟ.

ಮಧ್ಯಾಹ್ನದ ಹೊತ್ತಿಗೆ ಅವನು ಫೈನಲ್ ತಲುಪಿದ್ದ. ಎದುರು ಬಂದು ಕೂತವಳು ಭಾನುಪ್ರಿಯಾ, ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯವಳು, ಇಪ್ಪತ್ತೆಂಟರ ಹೆಂಗಸು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಮೂರು ವರ್ಷದ ಹಿಂದೆ ಪ್ರೆಸ್ಸಿನ ಕೆಳಗೆ ಬಲಗೈಯ ಮೂರು ಬೆರಳು ಹೋಗಿದ್ದವು. ಈಗ ಅಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದಳು, ಆಟ ಎಡಗೈಗೆ ಬದಲಾಗಿತ್ತು. ಅವಳು ಅವನ ಕಾಲು ನೋಡಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಬೋರ್ಡಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದಳು.

"ಅಣ್ಣ, ಇದು ಮುಖಕ್ಕೆ ಹಚ್ಕೊಳ್ಳೋ ಪೌಡರು. ಬೆಳಿಗ್ಗೆಯಿಂದ ನಿಮ್ಗೆ ಗೊತ್ತಾಗ್ಲಿಲ್ವಾ?"

ವೇಣುಗೋಪಾಲನಿಗೆ ಜೀವ ಬಂತು. ಅವಳ ಚೀಲದಲ್ಲಿ ಬೋರಿಕ್ ಪೌಡರಿನ ಪೊಟ್ಟಣವಿತ್ತು. ಇಬ್ಬರೂ ಸೇರಿ ಹಳದಿ ಟೀ ಶರ್ಟಿನ ತುದಿಯಿಂದ ಬೋರ್ಡು ಒರೆಸಿದರು. ಮೂರು ಬೋರ್ಡಿನಲ್ಲಿ ಎರಡು ಗೆದ್ದವರದು ಆಟ. ಮೊದಲನೆಯದನ್ನು ಅವಳು ಹತ್ತು ನಿಮಿಷದಲ್ಲಿ ಮುಗಿಸಿದಳು. ಒಂದೂವರೆ ವರ್ಷದ ತುಕ್ಕು ಬಿಡಿಸಿಕೊಂಡು ಎರಡನೆಯದನ್ನು ಅವನು ಗೆದ್ದ. ಮೂರನೆಯದರಲ್ಲಿ ರೆಡ್ ಅವನ ಪಾಲಾಗಿತ್ತು. ಅವನದೊಂದು ಕಪ್ಪು ಕಾಯಿ, ಅವಳದೊಂದು ಬಿಳಿ ಉಳಿದಿದ್ದವು, ಸರದಿ ಅವಳದು. ಬಿಳಿ ಅವಳ ಎಡ ಮೂಲೆಯಲ್ಲಿ, ಗೆರೆಯ ಹಿಂದೆ. ಅದನ್ನು ನೇರ ಹೊಡೆಯಲು ಬಾರದಂತೆ ಅವನ ಕಪ್ಪು ಕಾವಲಿತ್ತು. ಅವಳು ಸ್ಟ್ರೈಕರನ್ನು ಎದುರಿನ ಕಟ್ಟಿಗೆ ಬಡಿದಳು. ಅದು ಹಿಂದಿರುಗಿ ಬಂದು, ಕಪ್ಪಿನ ಪಕ್ಕದಲ್ಲಿ ಒಂದು ನೂಲಿನಷ್ಟು ಜಾಗ ಬಿಟ್ಟು ಹಾದು, ಬಿಳಿಯನ್ನು ಮೂಲೆಗೆ ತಳ್ಳಿತು.

"ಸೋತ್ರಿ ಅಣ್ಣ," ಎಂದಳು.

"ಹೂಂ, ಸೋತೆ. ಆ ಕೊನೇದು ನನ್ ಕೈಲಿ ಆಗ್ತಿರ್ಲಿಲ್ಲ ಕಣಮ್ಮ."

ಸ್ವಯಂಸೇವಕ ಇಬ್ಬರಿಗೂ ಚಪ್ಪಾಳೆ ತಟ್ಟಿದ. ಆದರೆ ವೇಣುಗೋಪಾಲನಿಗೆ ಅದು ಕೇಳಿಸಲೇ ಇಲ್ಲ. ಆ ಕೊನೆಯ ಹೊಡೆತವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೊಡೆದು ನೋಡುತ್ತಿದ್ದ. ಕಪ್ಪನ್ನು ಅರ್ಧ ಇಂಚು ಬಲಕ್ಕೆ ಬಿಟ್ಟಿದ್ದರೆ ದಾರಿ ಮುಚ್ಚುತ್ತಿತ್ತು. ಹೊಟ್ಟೆ ಉರಿಯಿತು. ಅಂಥ ಹೊಟ್ಟೆಯುರಿ ಆಗಿ ಎಷ್ಟು ದಿನವಾಗಿತ್ತೋ, ಬಹಳ ಹಿತವಾಗಿತ್ತು.

ಬಹುಮಾನ ವಿತರಣೆ ಮೂರಕ್ಕೆ ಎಂದದ್ದು ನಾಲ್ಕೂವರೆಗೆ ಶುರುವಾಯಿತು. ಮುಖ್ಯ ಅತಿಥಿ ದಾಬಸ್‌ಪೇಟೆಯ ಕಡೆ ದೊಡ್ಡ ಗೋದಾಮು ಇಟ್ಟುಕೊಂಡವರು, ಬಹುಮಾನದ ಸ್ಟೀಲ್ ಡಬ್ಬಿಗಳನ್ನು ಕೊಡಿಸಿದವರು. ಅವರು ಐದು ಮೆಟ್ಟಿಲನ್ನು ಚಕಚಕನೆ ಹತ್ತಿ ಬಂದರು. ರಂಗೋಲಿ ಹಾಗೇ ಉಳಿಯಿತು. ಬಳಗದ ಕಾರ್ಯದರ್ಶಿ ನರಸಿಂಹಯ್ಯನವರು ನಿವೃತ್ತ ಹೆಡ್ಮಾಸ್ಟರು. ಅವರು ಮೈಕ್ ಹಿಡಿದು, ಈ ಮಕ್ಕಳು ದೇವರಿಗೆ ಸಮಾನ, ದೇವರಲ್ಲಿ ಮೊದಲನೆಯವನು ಎರಡನೆಯವನು ಎಂದು ಉಂಟೇ, ಆದ್ದರಿಂದ ನಮ್ಮ ಕ್ರೀಡಾ ಸಂಭ್ರಮದಲ್ಲಿ ಸೋಲೆಂಬುದೇ ಇಲ್ಲ, ಎಲ್ಲರಿಗೂ ಪ್ರಥಮ ಬಹುಮಾನ ಎಂದು ಸಾರಿದರು. ಮಕ್ಕಳಲ್ಲಿ ಒಬ್ಬರಿಗೆ ಅರವತ್ತೆಂಟು ವರ್ಷ. ಪ್ರಶಸ್ತಿ ಪತ್ರಗಳು ವಾರದ ಹಿಂದೆಯೇ ಅಚ್ಚಾಗಿದ್ದವು. ಹದಿನಾರು ಜನರೂ ಕೇರಂನಲ್ಲಿ ಪ್ರಥಮ. ನೆಲಮಂಗಲದಿಂದ ಹೊರಟು ಬಸ್ಸು ಕೆಟ್ಟು ಊಟದ ಹೊತ್ತಿಗೆ ತಲುಪಿದ ಒಬ್ಬನಿದ್ದ, ಅವನೂ ಓಟದಲ್ಲಿ ಪ್ರಥಮ.

ವೇದಿಕೆಗೂ ಮೆಟ್ಟಿಲಿದ್ದವು. ಹತ್ತಲಾರದವರಿಗೆ ನರಸಿಂಹಯ್ಯನವರೇ ಮೈಕ್ ಸಮೇತ ಕೆಳಗಿಳಿದು ಬಂದು ಕೊಡುತ್ತಿದ್ದರು. ವೇಣುಗೋಪಾಲ ಪತ್ರವನ್ನು ಓದಿ ಅವರಿಗೇ ವಾಪಸು ಚಾಚಿದ.

"ಸಾರ್, ಇದು ನಂದಲ್ಲ. ನಾನು ಫೈನಲ್ ಸೋತೆ. ನಂಗೆ ಎರಡನೇ ಬಹುಮಾನ ಕೊಡಿ."

ಮೈಕ್ ಆನ್ ಇದ್ದದ್ದರಿಂದ ಮಂಟಪಕ್ಕೆಲ್ಲ ಕೇಳಿತು. ನರಸಿಂಹಯ್ಯನವರು ಅವನ ತಲೆ ಸವರಿದರು.

"ಹಾಗನ್ಬಾರ್ದಪ್ಪ. ನೀವ್ಯಾರೂ ಸೋತಿಲ್ಲ."

"ನೀವು ನೋಡಿಲ್ಲ ಸಾರ್, ನಾನು ಚೆನ್ನಾಗೇ ಸೋತಿದೀನಿ. ಇವ್ರು ಸೋಲ್ಸಿದ್ದು."

ಪಕ್ಕದಲ್ಲೇ ಕೂತಿದ್ದ ಭಾನುಪ್ರಿಯಾ ಎದ್ದು ನಿಂತಳು. "ಸಾರ್, ಅವ್ರು ಸೋತಿಲ್ಲ ಅಂದ್ರೆ ನಾನು ಗೆದ್ದಿದ್ದು ಎಲ್ಲಿಗೋಯ್ತು?"

ಮೂವತ್ತೊಂದು ವರ್ಷ ಪಾಠ ಹೇಳಿದ್ದೇನೆ, ಅಂಕ ಕಡಿಮೆ ಕೊಡಿ ಎಂದು ಜಗಳಕ್ಕೆ ಬಂದ ಒಬ್ಬ ವಿದ್ಯಾರ್ಥಿಯನ್ನೂ ಕಂಡಿಲ್ಲ ಎಂದು ಹೆಡ್ಮಾಸ್ಟರು ನೊಂದು ನುಡಿದರು. ಅದೂ ಮೈಕಿನಲ್ಲೇ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಗ ತ್ರಿಚಕ್ರ ಗಾಡಿಯಲ್ಲಿ ಕೂತಿದ್ದ ಆದಿನಾರಾಯಣಪ್ಪ, ಅರವತ್ತೆಂಟು ವರ್ಷದ ಆ ಮಗು, ಕೈ ಎತ್ತಿತು. ಓಟದಲ್ಲಿ ಐದು ಜನರಿದ್ದರು, ತಾನು ನಾಲ್ಕನೆಯವನಾಗಿ ಬಂದಿದ್ದು ಸತ್ಯ, ಹಿಂದೆ ಬಿದ್ದ ಐದನೆಯವನು ತನ್ನ ಬೀಗ, ನಾಳೆ ಊರಿಗೆ ಹೋಗಿ ಅವನೂ ಪ್ರಥಮ ಎಂದುಕೊಂಡು ಓಡಾಡುವುದನ್ನು ತಾನು ಸಹಿಸಲಾರೆ, ತನಗೆ ನಾಲ್ಕನೇ ಬಹುಮಾನವೇ ಬೇಕು ಎಂದ. ಬೀಗ ಅದನ್ನು ಒಪ್ಪಲಿಲ್ಲ. ನಡುವೆ ಹೂಕುಂಡ ಅಡ್ಡ ಬಂತೆಂದು ತಕರಾರು ತೆಗೆದ. ನಿಂಬೆಹಣ್ಣಿನವರಲ್ಲಿ ಒಬ್ಬಳು ಇನ್ನೊಬ್ಬಳು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳೆಂದು ಬಯಲಿಗೆಳೆದಳು. ಐದು ನಿಮಿಷದಲ್ಲಿ ಮಂಟಪದ ತುಂಬ ಎರಡನೆಯವರು, ಮೂರನೆಯವರು, ಮೋಸ ಹೋದವರು ಎದ್ದು ನಿಂತರು. ಬೆಳಿಗ್ಗೆಯಿಂದ ಚಪ್ಪಾಳೆ ತಿಂದು ಮಂಕಾಗಿದ್ದ ಜನಕ್ಕೆ ಈಗ ಕ್ರೀಡೆಯ ಕಳೆ ಬಂತು.

ಏನು ಗಲಾಟೆ ಎಂದು ಮುಖ್ಯ ಅತಿಥಿಗಳು ಕೇಳಿದರು. ಸಂತೋಷ ತಡೆಯಲಾಗದೆ ಭಾವುಕರಾಗಿದ್ದಾರೆ ಎಂದು ನರಸಿಂಹಯ್ಯನವರು ವರದಿ ಮಾಡಿದರು. ಅತಿಥಿಗಳು ಕಣ್ಣೊರೆಸಿಕೊಂಡರು. ಫೋಟೋದವನು ಅದನ್ನು ಹಿಡಿದ.

ವೇಣುಗೋಪಾಲ ಜೇಬಿನಿಂದ ಪೆನ್ನು ತೆಗೆದು, ಪತ್ರದಲ್ಲಿ 'ಪ್ರಥಮ' ಹೊಡೆದುಹಾಕಿ 'ದ್ವಿತೀಯ' ಎಂದು ಬರೆದು ಸಹಿ ಕೇಳಿದ. ತಿದ್ದಿದ ಪತ್ರಕ್ಕೆ ಸಹಿ ಹಾಕುವುದು ಕ್ರಮವಲ್ಲ ಎಂದರು ಕಾರ್ಯದರ್ಶಿ. ಹಾಗಿದ್ದರೆ ಸುಳ್ಳು ಪತ್ರಕ್ಕೆ ಸಹಿ ಹಾಕಿದ್ದು ಯಾವ ಕ್ರಮವೆಂದು ಭಾನುಪ್ರಿಯಾ ಕೇಳಿದಳು. ಅದಕ್ಕೆ ಅವರು, ಇಷ್ಟೆಲ್ಲ ಮಾಡಿದವರಿಗೆ ಕೊನೆಗೆ ಸಿಗುವುದು ಇದೇ ಎಂದು ಪಕ್ಕದವರಿಗೆ ಹೇಳಿ ರಾಷ್ಟ್ರಗೀತೆ ಶುರು ಮಾಡಿಸಿದರು. ಎಲ್ಲರೂ ಎದ್ದು ನಿಲ್ಲಬೇಕೆಂದು ಮೈಕಿನಲ್ಲಿ ಪ್ರಕಟಣೆಯಾಯಿತು. ಅರ್ಧ ಮಂಟಪ ಕೂತೇ ಇತ್ತು, ಬೇರೆ ದಾರಿ ಇರಲಿಲ್ಲ.

ಇಬ್ಬರೂ ಪತ್ರವನ್ನು ಮೇಜಿನ ಮೇಲೇ ಬಿಟ್ಟು ಬಂದರು. ಹೊರಗೆ ಭಾನುಪ್ರಿಯಾ ಅವನ ನಂಬರು ತೆಗೆದುಕೊಂಡಳು. ಊರಲ್ಲಿ ದಿನಾ ಯಾರ ಜೊತೆ ಆಡುತ್ತೀರಿ ಎಂದು ಕೇಳಿದಳು. ತಾನೀಗ ಗೌರವಾಧ್ಯಕ್ಷ, ಆಡುವುದಿಲ್ಲ ಎಂದು ಅವನು ಹೇಳಿದ. ಅವಳಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿದ ಮೇಲೆ ಮೆಟ್ಟಿಲ ಮೇಲೆ ಕೂತು ನಕ್ಕಳು. ಅವಳ ಕಾರ್ಖಾನೆಯಲ್ಲೂ ಊಟದ ಹೊತ್ತಿಗೆ ಕೇರಂ ಇತ್ತಂತೆ. ಬೆರಳು ಹೋದ ಮೇಲೆ ಮೊದಲ ದಿನ ಅವಳು ಬೋರ್ಡಿನ ಬಳಿ ಹೋದಾಗ ಜೊತೆಯವರು ಜಾಗ ಬಿಟ್ಟು ಕೊಟ್ಟು, ಅವಳು ಹೊಡೆಯಬೇಕಾದ ಕಾಯನ್ನೇ ಬೆರಳಿಂದ ಪಾಕೆಟ್ಟಿನ ಹತ್ತಿರಕ್ಕೆ ಸರಿಸಿಟ್ಟರಂತೆ. ಅಂದೇ ಅವಳು ಅಲ್ಲಿ ಆಡುವುದನ್ನು ಬಿಟ್ಟಿದ್ದಳು.

ಮೂರು ವಾರದ ಮೇಲೆ ಬಳಗದಿಂದ ವೇಣುಗೋಪಾಲನಿಗೆ ಕಾಗದ ಬಂತು. ತಮ್ಮ ಅಹವಾಲನ್ನು ಕಾರ್ಯಕಾರಿ ಸಮಿತಿ ಸಹಾನುಭೂತಿಯಿಂದ ಪರಿಶೀಲಿಸಿದೆ. ಸ್ಪರ್ಧಿಗಳಲ್ಲಿ ಸೋಲು ಗೆಲುವಿನ ಭಾವನೆ ಉಂಟುಮಾಡುವ ಕಾರಣಕ್ಕೆ ಮುಂದಿನ ವರ್ಷದಿಂದ ಕೇರಂ ಕೈಬಿಡಲಾಗಿದೆ. ಬದಲಿಗೆ ಸಾಮೂಹಿಕ ಭಜನೆ ಇರುತ್ತದೆ. ತಾವು ಕುಳಿತು ಭಾಗವಹಿಸಬಹುದು. ಪವಿತ್ರ ಅದನ್ನು ಗಟ್ಟಿಯಾಗಿ ಓದಿ, ನಿನ್ನ ಬಾಯಿಂದ ಒಂದು ಆಟವೇ ಹೋಯಿತಲ್ಲ ಎಂದಳು. ಅವನು ಒಂದು ವಾರ ಬೇಜಾರಿನಲ್ಲಿದ್ದ. ಉಳಿದ ಹದಿನಾಲ್ಕು ಜನರಲ್ಲಿ ಯಾರಿಗಾದರೂ ಆ ಒಂದು ದಿನವೇ ಹಬ್ಬವಾಗಿತ್ತೋ ಏನೋ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಹಾಗೆ ಯೋಚಿಸುವಂತೆ ಮಾಡುವುದೇ ಅಂಥ ಕಾಗದದ ಉದ್ದೇಶ ಎಂದು ಭಾನುಪ್ರಿಯಾ ಫೋನಿನಲ್ಲಿ ಬೈದಳು. ಬೈದು, ಹೊಸಕೋಟೆಯ ಶಾಲೆಯೊಂದರಲ್ಲಿ ಓಪನ್ ಟೂರ್ನಮೆಂಟ್ ಇದೆ, ಯಾರು ಬೇಕಾದರೂ ಆಡಬಹುದು, ತಾನು ಹೆಸರು ಕೊಟ್ಟಾಗಿದೆ, ಬರುವ ಧೈರ್ಯವಿದ್ದರೆ ಬನ್ನಿ ಎಂದಳು. ಮಹಡಿಯೋ ನೆಲವೋ ಎಂದು ಅವನು ಮೊದಲು ಕೇಳಿದ. ಮೇಲಿನ ಹಾಲ್‌ನ ಬೀಗದ ಕೈ ಸಿಗುತ್ತಿಲ್ಲವಂತೆ, ಆದ್ದರಿಂದ ಕೆಳಗಿನ ಕೋಣೆಯಲ್ಲೇ ನಡೆಸುತ್ತಾರೆ ಎಂದಳು.

ಅಷ್ಟು ದೂರ ಅವನು ಸ್ಕೂಟರಿನಲ್ಲಿ ಹೋಗಿ ಎಷ್ಟೋ ವರ್ಷವಾಗಿತ್ತು. ಮಗ್ಗ ನಿಲ್ಲಿಸಿ ಪವಿತ್ರಳೂ ಹಿಂದೆ ಕೂತಳು. ನಸುಕಿಗೇ ಹೊರಟು ದೇವನಹಳ್ಳಿಯ ಮೇಲೆ ಹಾಯ್ದು ಹೊಸಕೋಟೆ ಸೇರಿದರು. ಹೆಸರು ಬರೆದುಕೊಳ್ಳುತ್ತಿದ್ದವನು ಊರುಗೋಲು ನೋಡಿ ಪೆನ್ನು ನಿಲ್ಲಿಸಿದ.

"ಯಾವ ಕೆಟಗರಿ ಸಾರ್?"

"ಕೇರಂ," ಎಂದ ವೇಣುಗೋಪಾಲ.

ಬರೆದುಕೊಳ್ಳುತ್ತಿದ್ದವನು ಎದ್ದು ಹೋಗಿ ಒಳಗಿನವರೊಡನೆ ಗುಸುಗುಸು ಮಾತಾಡಿ ಬಂದ. ಬೇಕಾದರೆ ಉದ್ಘಾಟನೆಗೆ ಒಂದು ಪ್ರದರ್ಶನ ಪಂದ್ಯ ಇಟ್ಟು ಸನ್ಮಾನ ಮಾಡುತ್ತೇವೆ ಎಂದ. ಶಾಲು ಮನೆಯಲ್ಲಿ ಬೇಕಾದಷ್ಟಿವೆ, ಎದುರಾಳಿ ಯಾರೆಂದು ಹೇಳಿ ಎಂದಳು ಪವಿತ್ರ. ಅವನು ಹೆಸರು ಬರೆದುಕೊಂಡ.

ಮೊದಲ ಸುತ್ತಿನಲ್ಲಿ ವೇಣುಗೋಪಾಲ ಒಬ್ಬ ಮೆಕ್ಯಾನಿಕ್‌ನನ್ನು ಸೋಲಿಸಿದ. ಎರಡನೆಯದರಲ್ಲಿ ಅಂಜನ್ ಎಂಬ ಡಿಗ್ರಿ ಓದುವವನು ಸಿಕ್ಕಿದ. ಅವನಿಗೆ ಇನ್ನೆಲ್ಲೋ ಹೋಗುವ ಅವಸರ. ವೇಣುಗೋಪಾಲ ಗುರಿ ಹಿಡಿದು ಕೂತರೆ, ಬೇಗ ಹೊಡೀರಿ ಅಂಕಲ್ ಎಂದು ಕಾಲು ಕುಣಿಸುತ್ತಿದ್ದ. ವೇಣುಗೋಪಾಲನ ಸ್ಟ್ರೈಕರ್ ಗೆರೆ ಮುಟ್ಟಿಲ್ಲವೆಂದು ಒಮ್ಮೆ ಜಗಳವಾಡಿದ. ನೋಡಿದರೆ ಮುಟ್ಟಿರಲಿಲ್ಲ, ದಂಡ ತೆರಬೇಕಾಯಿತು. ಕೊನೆಗೆ ಅಂಜನ್ ಅವನನ್ನು ಇಪ್ಪತ್ತೈದು ಒಂಬತ್ತಕ್ಕೆ ಸೋಲಿಸಿ, ಕೈ ಕುಲುಕಿದಂತೆ ಮಾಡಿ, ಮೊಬೈಲ್ ನೋಡಿಕೊಂಡು ಎದ್ದುಹೋದ.

ಪವಿತ್ರ ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರಿಗೆ ಒರಗಿ ಚಿತ್ರಾನ್ನ ಬಿಚ್ಚುತ್ತಿದ್ದಳು. ಅವನು ಬಂದದ್ದು ನೋಡಿ ಏನಾಯಿತೆಂದು ಕೇಳಿದಳು. ಸೋತೆ ಎಂದ.

"ಏನಂದ್ರು?"

"ಏನೂ ಅನ್ಲಿಲ್ಲ. ಜಾಗ ಬಿಡಿ ಅಂದ್ರು, ಮುಂದಿನೋರು ಕೂರ್ಬೇಕಂತೆ."

ಅವಳು ಅವನ ಮುಖ ನೋಡಿದಳು. ಮುಖ ತುಂಬ ಪೌಡರು, ಬೆವರು. ಡಬ್ಬಿಯಿಂದ ಎರಡು ತುತ್ತು ನಿಂತಲ್ಲೇ ತಿಂದು, ಭಾನುಪ್ರಿಯಾಳದು ಕ್ವಾರ್ಟರ್ ಫೈನಲ್ ಶುರುವಾಗಿರುತ್ತದೆ, ಉಳಿದದ್ದು ಆಮೇಲೆ ಎಂದು ಅವನು ಊರುಗೋಲು ಊರಿಕೊಂಡು ಮತ್ತೆ ಒಳಕ್ಕೆ ಹೊರಟ.